ಗ್ರೀಕ್ ಸಸ್ಯಾಹಾರ: ನಿಮ್ಮ ಮನೆಯ ಒಲೆಗೆ ಯಾವುದು ಮೊದಲು?

ಗ್ರೀಕ್ ಅಡುಗೆ ಮಾಡಬೇಕು ಅಂತ ನನ್ನನ್ನು ಕೇಳುವವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿರುತ್ತಾರೆ. ಒಂದು ಬಾಟಲಿ ಆಲಿವ್ ಎಣ್ಣೆ ತಂದಾಗಿದೆ, ಫ್ರಿಜ್ಜಿನಲ್ಲಿ ಫೆಟಾ ಚೀಸಿನ ಪುಟ್ಟ ಡಬ್ಬಿ ಇದೆ. ಪಾಲಕ್ ತುಂಬಿದ ಸ್ಪನಕೋಪಿಟಕ್ಕೆ ಕೈ ಹಾಕುವುದೋ, ಅಕ್ಕಿ ತುಂಬಿದ ಟೊಮೆಟೊ ಮಾಡುವುದೋ, ಕಾಳಿನ ಫಸೊಲಾದದಿಂದ ಶುರು ಮಾಡುವುದೋ ತಿಳಿಯದೆ ಎಣ್ಣೆ ಸಲಾಡಿಗೆ ಖರ್ಚಾಗಿ ಮುಗಿಯುತ್ತದೆ.

ಕೆಲಸದ ಮೇಲೆ ನಾನು ಎರಡು ವರ್ಷ ಗ್ರೀಸಿನ ಥೆಸಲೊನೀಕಿ ನಗರದಲ್ಲಿದ್ದೆ. ಕೆಳಗಿನ ಮನೆಯ ಅಜ್ಜಿಯನ್ನು ಬೀದಿಯವರೆಲ್ಲ ಯಾಯಾ ಅನ್ನುತ್ತಿದ್ದರು. ಗ್ರೀಕಿನಲ್ಲಿ ಯಾಯಾ ಅಂದರೆ ಅಜ್ಜಿಯೇ. ನಾನು ಮಾಂಸ ತಿನ್ನುವುದಿಲ್ಲ ಅಂದಾಗ ಅವರಿಗೆ ಅಚ್ಚರಿಯೇನೂ ಆಗಲಿಲ್ಲ. "ಹಾಗಾದರೆ ನಿನಗೆ ವರ್ಷವಿಡೀ ಉಪವಾಸ" ಅಂದರು. ಆ ಮಾತಿನಲ್ಲಿ ಗ್ರೀಕ್ ಸಸ್ಯಾಹಾರದ ಮೂಲವೇ ಇದೆ. ಆರ್ಥೊಡಾಕ್ಸ್ ಚರ್ಚಿನ ಪಂಚಾಂಗ ಪಾಲಿಸುವವರಿಗೆ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ, ವಾರದ ಬುಧವಾರ, ಶುಕ್ರವಾರ ಎಲ್ಲ ಸೇರಿ ವರ್ಷದಲ್ಲಿ ಎಷ್ಟೋ ದಿನ ಮಾಂಸ, ಮೀನು, ಮೊಟ್ಟೆ, ಹಾಲು ನಿಷಿದ್ಧ. ಆ ದಿನಗಳ ಊಟಕ್ಕೆ ನಿಸ್ತಿಸಿಮ ಅನ್ನುತ್ತಾರೆ. ಸಿಗಡಿ, ಕಪ್ಪೆಚಿಪ್ಪಿನಂಥವುಗಳಿಗೆ ಉಪವಾಸದಲ್ಲೂ ಅನುಮತಿ ಇದೆ, ಹಾಗಾಗಿ ನಿಸ್ತಿಸಿಮ ಅಂದದ್ದೆಲ್ಲ ನಮ್ಮ ಅರ್ಥದ ಸಸ್ಯಾಹಾರವಲ್ಲ. ಆದರೂ ಆ ಊಟದ ಬಹುಪಾಲು ತರಕಾರಿ, ಸೊಪ್ಪು, ಕಾಳು, ಆಲಿವ್ ಎಣ್ಣೆ. ಫೆಟಾ ಅಲ್ಲಿ ಬರುವುದೇ ಇಲ್ಲ. ಮೊದಲ ಅಡುಗೆ ಆರಿಸುವಾಗ ಇದು ನೆನಪಿರಲಿ.

ಆರಿಸುವ ಮುನ್ನ ನೋಡಬೇಕಾದ್ದು

ಮೊದಲನೆಯದು ಎಣ್ಣೆ. ಗ್ರೀಕ್ ತರಕಾರಿ ಅಡುಗೆಯ ಒಂದು ದೊಡ್ಡ ವರ್ಗದ ಹೆಸರೇ ಲಾದೆರಾ. ಲಾದಿ ಅಂದರೆ ಎಣ್ಣೆ, ಲಾದೆರಾ ಅಂದರೆ ಎಣ್ಣೆಯಲ್ಲಿ ಬೆಂದದ್ದು. ನಾಲ್ಕು ಜನಕ್ಕೆ ಒಂದು ಕೆಜಿ ತರಕಾರಿಗೆ 120ರಿಂದ 150 ಮಿಲಿ ಎಣ್ಣೆ ಬೀಳುತ್ತದೆ. ಲೀಟರಿನ ಬಾಟಲಿ ಏಳೆಂಟು ಸಲಕ್ಕೆ ಬಂತು ಅಂತಾಯಿತು. ನಮ್ಮ ಪೇಟೆಯಲ್ಲಿ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯ ಬೆಲೆ ಸೂರ್ಯಕಾಂತಿ ಎಣ್ಣೆಯ ಹಲವು ಪಟ್ಟು, ಆದ್ದರಿಂದ ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಅಗ್ಗಕ್ಕೆ ಸಿಗುವ ಪೊಮೆಸ್ ಎಣ್ಣೆ, ಆಲಿವ್ ಹಿಂಡಿದ ಮೇಲೆ ಉಳಿದ ಚರಟದಿಂದ ದ್ರಾವಕ ಬಳಸಿ ತೆಗೆದು ಸಂಸ್ಕರಿಸಿದ್ದು. ಅದರಲ್ಲಿ ಕರಿಯಬಹುದು, ಲಾದೆರಾ ಮಾಡಿದರೆ ರುಚಿಯೇ ಇರುವುದಿಲ್ಲ. ಎಕ್ಸ್‌ಟ್ರಾ ವರ್ಜಿನ್ ಬಿಸಿ ಮಾಡಬಾರದು ಅಂತ ಹೆದರುವವರಿದ್ದಾರೆ. ಲಾದೆರಾ ನೀರಿನಂಶದೊಡನೆ ಸಣ್ಣಗೆ ಕುದಿಯುವ ಅಡುಗೆ, ಎಣ್ಣೆ ಹೊಗೆಯಾಡುವ ಮಟ್ಟಕ್ಕೆ ಹೋಗುವುದೇ ಇಲ್ಲ.

ಎರಡನೆಯದು ಓವನ್ ಇದೆಯೋ ಇಲ್ಲವೋ. ಮೂರನೆಯದು ಹೊತ್ತು. ಇಲ್ಲಿ ಎರಡು ಲೆಕ್ಕ ಬೇರೆ ಬೇರೆ ಇಡಬೇಕು: ನಿಮ್ಮ ಕೈ ಎಷ್ಟು ಹೊತ್ತು ಬೇಕು, ಒಲೆ ಎಷ್ಟು ಹೊತ್ತು ಬೇಕು. ಒಂದು ಗಂಟೆ ಬೇಯುವ ಅಡುಗೆಗೆ ನಿಮ್ಮ ಕೈ ಹದಿನೈದು ನಿಮಿಷ ಸಾಕಾಗಬಹುದು.

ನಾಲ್ಕನೆಯದು, ನಿಮ್ಮ ಮನೆಯ ಸಸ್ಯಾಹಾರ ಯಾವ ಬಗೆಯದು. ಫೆಟಾ ಕಟ್ಟಲು ಸಾಂಪ್ರದಾಯಿಕವಾಗಿ ಬಳಸುವುದು ಕುರಿಮರಿ, ಆಡುಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್, ಅಂದರೆ ಹಾಲು ಗಟ್ಟಿಯಾಗಿಸುವ ಕಿಣ್ವ. ಅದನ್ನು ಒಪ್ಪದವರು ಭಾರತದಲ್ಲಿ ಹಸಿರು ಚುಕ್ಕೆ ನೋಡಿ ಕೊಳ್ಳಬೇಕು, ಹೊರದೇಶದಲ್ಲಿರುವವರು ಡಬ್ಬಿಯ ಮೇಲೆ ಸೂಕ್ಷ್ಮಾಣುವಿನ ರೆನೆಟ್ ಅಂತ ಬರೆದಿದೆಯೇ ಓದಬೇಕು. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಆಯ್ಕೆ ಕಿರಿದಾಗುತ್ತದೆ. ಅದನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ಎಣ್ಣೆಯಲ್ಲಿ ಬೆಂದ ತರಕಾರಿ

ನನ್ನನ್ನು ಕೇಳಿದರೆ ಇಲ್ಲಿಂದಲೇ ಶುರು ಮಾಡಿ. ಓವನ್ ಬೇಡ, ಚೀಸ್ ಬೇಡ, ತರಕಾರಿಯೆಲ್ಲ ನಮ್ಮ ಸಂತೆಯದೇ. ಫಸೊಲಾಕಿಯ ಅಂದರೆ ಬೀನ್ಸ್, ಆಲೂಗಡ್ಡೆ, ಟೊಮೆಟೊ. ಬಾಮಿಯೆಸ್ ಅಂದರೆ ಬೆಂಡೆಕಾಯಿ. ಬ್ರಿಯಾಮ್ ಅಂದರೆ ಬದನೆ, ಆಲೂಗಡ್ಡೆ, ಜುಕಿನಿ, ಈರುಳ್ಳಿ ಎಲ್ಲ ಸೇರಿದ್ದು. ಅದಕ್ಕೆ ಮಾತ್ರ ಓವನ್ ಬೇಕು.

ವಿಧಾನ ಒಂದೇ. ಈರುಳ್ಳಿಯನ್ನು ಧಾರಾಳ ಎಣ್ಣೆಯಲ್ಲಿ ಮೆತ್ತಗಾಗಿಸಿ, ತರಕಾರಿ ಹಾಕಿ, ತುರಿದ ಟೊಮೆಟೊ, ಉಪ್ಪು, ಸ್ವಲ್ಪ ನೀರು ಸೇರಿಸಿ ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಿ. ಆಲೂಗಡ್ಡೆ ಅರ್ಧ ಹಾದಿಯಲ್ಲಿ ಹಾಕಿ, ಇಲ್ಲದಿದ್ದರೆ ಕರಗಿಹೋಗುತ್ತದೆ. ಯಾವಾಗ ಆಯಿತು ಅಂತ ಗೊತ್ತಾಗುವುದು ಹೇಗೆ? "ತನ್ನ ಎಣ್ಣೆಯೊಡನೆ ಉಳಿಯಬೇಕು" ಅನ್ನುತ್ತಾರೆ ಗ್ರೀಕರು. ನೀರೆಲ್ಲ ಆರಿ, ಪಾತ್ರೆಯ ತಳದಲ್ಲಿ ಕೆಂಪಗೆ ಎಣ್ಣೆ, ಟೊಮೆಟೊ ಮಾತ್ರ ಇರಬೇಕು. ಗೊಜ್ಜು ಎಣ್ಣೆ ಬಿಡುವ ತನಕ ಕೈಯಾಡಿಸಿ ಗೊತ್ತಿರುವವರಿಗೆ ಈ ಹದ ಕಣ್ಣಿಗೇ ತಿಳಿಯುತ್ತದೆ.

ಎಡವುವುದು ಬೇರೆ ಕಡೆ. ಬೀನ್ಸ್ ಪಲ್ಯದಲ್ಲಿ ಹೋಳು ಹಸಿರಾಗಿ, ಹಲ್ಲಿಗೆ ಸ್ವಲ್ಪ ಸಿಗುವಂತಿರಬೇಕು ಅಂತ ನಾವು ನೋಡುತ್ತೇವೆ. ಫಸೊಲಾಕಿಯದಲ್ಲಿ ಬೀನ್ಸ್ ಬಣ್ಣಗೆಟ್ಟು, ಬಾಗಿ, ನಾಲಿಗೆಯಿಂದಲೇ ಮುರಿಯುವಷ್ಟು ಮೆತ್ತಗಾಗಬೇಕು. ಅದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ನಾನು ಮೊದಲ ಸಲ ಇಪ್ಪತ್ತು ನಿಮಿಷಕ್ಕೆ ಒಲೆ ಆರಿಸಿದ್ದೆ. ಯಾಯಾ ಒಂದು ಹೋಳು ಬಾಯಿಗಿಟ್ಟು, ಏನೂ ಹೇಳದೆ, ಮತ್ತೆ ಒಲೆ ಹಚ್ಚಿದರು.

ಬೆಂಡೆಕಾಯಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕೈಗೆ ತೀರ ಪರಿಚಿತವಾದ ತರಕಾರಿಯನ್ನು ಅವರು ಪೂರ್ತಿ ಬೇರೆ ದಾರಿಯಲ್ಲಿ ಒಲಿಸಿಕೊಂಡಿದ್ದಾರೆ. ನಾವು ಹೆಚ್ಚಿ, ಹುರಿದು, ಹುಣಸೆಹುಳಿ ಬಿಟ್ಟು ಲೋಳೆ ಕಳೆಯುತ್ತೇವೆ. ಅವರು ಹೆಚ್ಚುವುದೇ ಇಲ್ಲ. ಬೆರಳಿನ ಅರ್ಧದಷ್ಟಿರುವ ಎಳೆಯ ಕಾಯಿ ಆರಿಸಿ, ತೊಟ್ಟನ್ನು ಪೆನ್ಸಿಲ್ ಚೂಪು ಮಾಡಿದ ಹಾಗೆ ಸುತ್ತ ಹೆರೆಯುತ್ತಾರೆ. ಒಳಗಿನ ಬೀಜದ ಕೋಣೆ ತೆರೆಯಬಾರದು, ತೆರೆದರೆ ಲೋಳೆ ಹೊರಬಂತು. ಆಮೇಲೆ ಉಪ್ಪು, ವಿನಿಗರ್ ಚಿಮುಕಿಸಿ ಅರ್ಧ ಗಂಟೆ ಬಿಸಿಲಿನಲ್ಲಿಡುತ್ತಾರೆ. ಪಾತ್ರೆಗೆ ಹಾಕಿದ ಮೇಲೆ ಸೌಟು ಆಡಿಸುವಂತಿಲ್ಲ, ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು. ಅರ್ಧ ಕೆಜಿ ಎಳೆ ಬೆಂಡೆಯ ತೊಟ್ಟು ಹೆರೆಯಲು ಅರ್ಧ ಗಂಟೆಯಾದರೂ ಬೇಕು. ಕೆಲಸದ ದಿನಕ್ಕೆ ಇದು ಹೇಳಿದ್ದಲ್ಲ. ಆ ದಿನಗಳಿಗೆ ಬೀನ್ಸ್.

ಎಣ್ಣೆಯ ಖರ್ಚು ಕಷ್ಟವೆನಿಸಿದರೆ ಅರ್ಧ ಸೂರ್ಯಕಾಂತಿ ಎಣ್ಣೆಯಲ್ಲಿ ಬೇಯಿಸಿ, ಉಳಿದರ್ಧಕ್ಕೆ ಆಲಿವ್ ಎಣ್ಣೆಯನ್ನು ಒಲೆ ಆರಿಸಿದ ಮೇಲೆ ಹಸಿಯಾಗಿ ಹಾಕಿ. ಪೂರ್ತಿ ಅದೇ ರುಚಿ ಬರುವುದಿಲ್ಲ, ಪರಿಮಳ ಮಾತ್ರ ಉಳಿಯುತ್ತದೆ. ಕಡಲೆಕಾಯಿ ಎಣ್ಣೆ ಬೇಡ, ಅದರ ವಾಸನೆ ಮೇಲೇಳುತ್ತದೆ. ಈರುಳ್ಳಿ ಇಲ್ಲದೆ ಫಸೊಲಾಕಿಯ ಮಾಡಿ ನೋಡಿದ್ದೇನೆ. ಟೊಮೆಟೊ ಹೆಚ್ಚಿಸಿ, ಸಬ್ಬಸಿಗೆ ಸೊಪ್ಪು ಸೇರಿಸಿದರೆ ಒಪ್ಪುವಂತಿರುತ್ತದೆ. ಬಾಮಿಯೆಸ್ ಈರುಳ್ಳಿ ಇಲ್ಲದೆ ಸೊರಗುತ್ತದೆ.

ಕಾಳು, ಬೇಳೆ

ಕೈ ಬಿಗಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಕಾಲು ಕೆಜಿ ಕಾಳಿಗೆ 60ರಿಂದ 80 ಮಿಲಿ ಎಣ್ಣೆ ಸಾಕು, ಅದರಲ್ಲೂ ಅರ್ಧ ಕೊನೆಗೆ ಮೇಲೆ ಸುರಿಯುವುದು.

ಅತಿ ಸುಲಭದ್ದು ಫಾಕೆಸ್, ಅಂದರೆ ಇಡೀ ಮಸೂರಿನ ಸೂಪು. ಚನ್ನಂಗಿ ಬೇಳೆ ಆಗುವುದಿಲ್ಲ, ಒಡೆಯದ, ಸಿಪ್ಪೆಯಿರುವ ಕಂದು ಕಾಳೇ ಬೇಕು. ಈರುಳ್ಳಿ, ಇಡೀ ಬೆಳ್ಳುಳ್ಳಿ ಎಸಳು, ಪಲಾವ್ ಎಲೆ ಹಾಕಿ ನಲವತ್ತು ನಿಮಿಷ ಕುದಿಸಿದರೆ ಮುಗಿಯಿತು. ಗ್ರೀಸಿನ ಪಲಾವ್ ಎಲೆ ಬೇರೆ ಮರದ್ದು, ಪರಿಮಳವೂ ಬೇರೆ. ಅಂಗಡಿಯಲ್ಲಿ ಬೇ ಲೀಫ್ ಅಂತ ಕೇಳಿ, ಉದ್ದಕ್ಕೆ ಮೂರು ಗೆರೆ ಇರುವ ನಮ್ಮ ಎಲೆಯ ಬದಲು ನಡುವೆ ಒಂದೇ ನರವಿರುವುದನ್ನು ಆರಿಸಿ. ತಟ್ಟೆಗೆ ಹಾಕಿದ ಮೇಲೆ ವಿನಿಗರ್ ಬೀಳಬೇಕು. ಗುಡ್ ಫ್ರೈಡೇ ದಿನ ಎಷ್ಟೋ ಮನೆಗಳಲ್ಲಿ ಫಾಕೆಸ್ ಮತ್ತು ವಿನಿಗರ್ ಇಷ್ಟೇ ಊಟ, ಶಿಲುಬೆಯ ಮೇಲಿದ್ದ ಕ್ರಿಸ್ತನಿಗೆ ಹುಳಿರಸ ಕೊಟ್ಟದ್ದರ ನೆನಪಿಗೆ. ಹುಳಿಯನ್ನು ಕೊನೆಗೇ ಹಾಕುವುದಕ್ಕೆ ಅಡುಗೆಮನೆಯ ಕಾರಣವೂ ಇದೆ: ಮೊದಲೇ ಹಾಕಿದರೆ ಕಾಳು ಬೇಯಲು ಹಟ ಹಿಡಿಯುತ್ತದೆ. ಫಸೊಲಾದಕ್ಕೆ ಟೊಮೆಟೊ ಹಾಕುವಾಗಲೂ ಇದೇ ನಿಯಮ.

ಫಸೊಲಾದವನ್ನು ಗ್ರೀಕರು ತಮ್ಮ ರಾಷ್ಟ್ರೀಯ ಅಡುಗೆ ಅನ್ನುವುದುಂಟು. ಬಿಳಿ ರಾಜ್ಮಾದಂಥ ಕಾಳು, ಕ್ಯಾರೆಟ್, ಸೆಲರಿ, ಟೊಮೆಟೊ. ರಾತ್ರಿ ನೆನೆಸಿ, ನೆನೆದ ನೀರು ಚೆಲ್ಲಿ, ಮೊದಲ ಹತ್ತು ನಿಮಿಷ ಜೋರು ಕುದಿ ಬರಿಸಲೇಬೇಕು; ರಾಜ್ಮಾ ಜಾತಿಯ ಹಸಿಕಾಳಿನಲ್ಲಿ ಹೊಟ್ಟೆ ಕೆಡಿಸುವ ಅಂಶವಿದೆ, ಬರೀ ಸಣ್ಣ ಉರಿಯಲ್ಲಿ ಅದು ಹೋಗುವುದಿಲ್ಲ. ಇದೇ ಬಳಗದ ದೊಡ್ಡ ಅಡುಗೆ ಯೀಗಾಂಡೆಸ್: ಹೆಬ್ಬೆರಳಿನ ತುದಿಯಷ್ಟಿರುವ ಬಿಳಿಕಾಳನ್ನು ಟೊಮೆಟೊದಲ್ಲಿ ಓವನ್‌ಗೆ ಇಡುವುದು. ಉತ್ತರದ ಪ್ರೆಸ್ಪ, ಕಸ್ತೊರಿಯ ಕಡೆಯ ಕಾಳಿಗೆ ಹೆಸರು. ನಮ್ಮಲ್ಲಿ ಆ ಕಾಳು ಸಿಗುವುದಿಲ್ಲ. ಡಬಲ್ ಬೀನ್ಸ್ ಬೇರೆ ಜಾತಿಯದಾದರೂ ಗಾತ್ರದಲ್ಲಿ, ಬೆಣ್ಣೆಯಂಥ ಮೆದುವಿನಲ್ಲಿ ಹತ್ತಿರ ಬರುತ್ತದೆ. ನಾನು ಧೈರ್ಯವಾಗಿ ಹೇಳುವ ಬದಲಿ ಇದು.

ಸಾಂತೊರೀನಿ ದ್ವೀಪದ ಫಾವ ಹೆಸರು ಕೇಳಿ ಬ್ರಾಡ್ ಬೀನ್ಸ್ ತರಬೇಡಿ. ಗ್ರೀಸಿನಲ್ಲಿ ಫಾವ ಅಂದರೆ ಹಳದಿ ಬೇಳೆಯನ್ನು ಬೇಯಿಸಿ ಅರೆದದ್ದು. ಸಾಂತೊರೀನಿಯ ಬೇಳೆ ನಮ್ಮ ಕೇಸರಿ ಬೇಳೆಯ ಕುಲಕ್ಕೆ ಸೇರಿದ ಬೇರೊಂದು ಗಿಡದ್ದು. ಉಳಿದ ಕಡೆ ಹಳದಿ ಬಟಾಣಿ ಬೇಳೆಯಲ್ಲೇ ಮಾಡುತ್ತಾರೆ. ಒಂದು ಲೋಟ ಬೇಳೆ, ಒಂದು ಈರುಳ್ಳಿ, ಮುಕ್ಕಾಲು ಗಂಟೆ. ಗಟ್ಟಿ ತೊವ್ವೆಯ ಹದಕ್ಕೆ ಬಂದಾಗ ಕಡೆದು, ಹಸಿ ಈರುಳ್ಳಿ, ನಿಂಬೆರಸ, ಎಣ್ಣೆ ಮೇಲೆ. ಒಗ್ಗರಣೆ ಹಾಕಬೇಕೆಂದು ಕೈ ಹೋಗುತ್ತದೆ, ತಡೆದುಕೊಳ್ಳಿ. ಇಲ್ಲಿ ಬೇಳೆಯ ಸಿಹಿ, ಎಣ್ಣೆಯ ಒಗರು ಎರಡೇ ಮಾತಾಡಬೇಕು. ಎಣ್ಣೆ ಒಳ್ಳೆಯದಲ್ಲದಿದ್ದರೆ ಇದನ್ನು ಮಾಡಲೇಬೇಡಿ.

ಓವನ್ ಇದ್ದು, ಭಾನುವಾರ ಬಿಡುವಿದ್ದರೆ ಸಿಫ್ನೋಸ್ ದ್ವೀಪದ ರೆವಿಥಾದ. ಅಲ್ಲಿ ಶನಿವಾರ ಸಂಜೆ ಕಾಬೂಲಿ ಕಡಲೆ, ಈರುಳ್ಳಿ, ಎಣ್ಣೆಯನ್ನು ಮಣ್ಣಿನ ಮಡಕೆಯಲ್ಲಿ ತುಂಬಿ ಸೌದೆಯ ಒಲೆಗೆ ಕೊಡುತ್ತಾರೆ. ರಾತ್ರಿಯೆಲ್ಲ ಬೆಂದದ್ದನ್ನು ಭಾನುವಾರ ಚರ್ಚಿನಿಂದ ಬಂದು ತಿನ್ನುತ್ತಾರೆ. ಮನೆಯ ಓವನ್‌ನಲ್ಲಿ 140 ಡಿಗ್ರಿ, ಐದಾರು ಗಂಟೆ. ಕುಕ್ಕರಿನಲ್ಲಿ ಅರ್ಧ ಗಂಟೆಗೆ ಕಡಲೆ ಬೇಯುತ್ತದೆ ನಿಜ, ಈರುಳ್ಳಿ ಕರಗಿ ಕೆನೆಯಾಗುವುದು ಅಲ್ಲಿ ಆಗುವುದಿಲ್ಲ. ಹೊತ್ತಿಲ್ಲದವರು ಇದನ್ನು ಬಿಟ್ಟು ಫಾಕೆಸ್ ಮಾಡುವುದೇ ವಾಸಿ.

ತುಂಬಿದ ಟೊಮೆಟೊ, ದಪ್ಪ ಮೆಣಸಿನಕಾಯಿ

ಗೆಮಿಸ್ತಾ ಅಂತ ಬರೆದಿರುತ್ತಾರೆ, ಬಾಯಲ್ಲಿ ಅನ್ನುವುದು ಯೆಮಿಸ್ತಾ. ಮಾಂಸ ಹಾಕದೆ ಅಕ್ಕಿ, ಸೊಪ್ಪು ಮಾತ್ರ ತುಂಬಿದ್ದಕ್ಕೆ ಕೆಲವು ಕಡೆ ಅನಾಥ ಯೆಮಿಸ್ತಾ ಅಂತ ಹೆಸರು. ನನ್ನ ನಾಲಿಗೆಗೆ ಆ ಅನಾಥವೇ ಹಿರಿಯದು. ಮಕ್ಕಳಿರುವ ಮನೆಗೆ, ಅನ್ನವಿಲ್ಲದೆ ಊಟವೇ ಅಲ್ಲ ಅನ್ನುವ ಹಿರಿಯರಿರುವ ಮನೆಗೆ ಇದು ಒಗ್ಗುತ್ತದೆ.

ನಾಟಿ ಟೊಮೆಟೊ ರುಚಿ, ಆದರೆ ತೆಳು ಸಿಪ್ಪೆ ಒಡೆದು ಅಕ್ಕಿ ಹೊರಬೀಳುತ್ತದೆ. ಚಿಪ್ಪಿಗೆ ದೊಡ್ಡ, ಗಟ್ಟಿ ಹೈಬ್ರಿಡ್ ಕಾಯಿ, ಒಳಗಿನ ಹೂರಣದ ರಸಕ್ಕೆ ನಾಟಿ, ಹೀಗೆ ನಾನು ಎರಡನ್ನೂ ತರುತ್ತೇನೆ. ಹುಳಿ ಹೆಚ್ಚಾದರೆ ಚಿಟಿಕೆ ಸಕ್ಕರೆ, ಅವರೂ ಹಾಕುತ್ತಾರೆ. ಅಕ್ಕಿ ಸೋನಾ ಮಸೂರಿ ಸರಿ, ಬಾಸ್ಮತಿ ಬೇಡ. ಅದು ಉದುರುದುರಾಗಿ ನಿಲ್ಲುತ್ತದೆ, ಇಲ್ಲಿ ಒಂದಕ್ಕೊಂದು ಅಂಟಬೇಕು. ಬೇಯದ ಅಕ್ಕಿಯನ್ನೇ ಮುಕ್ಕಾಲು ಭಾಗ ತುಂಬಿ, ಉಬ್ಬಲು ಜಾಗ ಬಿಡಿ. ಪುದೀನ ಧಾರಾಳವಾಗಿರಲಿ. ನಡುವೆ ಆಲೂಗಡ್ಡೆ ಹೋಳು ಸಿಕ್ಕಿಸಿ, 180 ಡಿಗ್ರಿಯಲ್ಲಿ ಒಂದೂವರೆ ಗಂಟೆ. ಎಂಟು ಕಾಯಿಗೆ 150 ಮಿಲಿ ಎಣ್ಣೆ, ಜೊತೆಗೆ ಎರಡು ಯೂನಿಟ್ ಆಸುಪಾಸಿನ ಕರೆಂಟು. ಓವನ್ ಇಲ್ಲದಿದ್ದರೆ ಅಗಲದ, ದಪ್ಪ ತಳದ ಪಾತ್ರೆಯಲ್ಲಿ ಒತ್ತಾಗಿ ಜೋಡಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬಹುದು. ಮೇಲೆ ಕಂದುಗಟ್ಟಿದ ಆ ಸುಟ್ಟ ರುಚಿ ಬರುವುದಿಲ್ಲ, ಅಷ್ಟೇ.

ಸ್ಪನಕೋಪಿಟ: ಎಲ್ಲರಿಗೂ ಬೇಕು, ಮೊದಲಿಗೆ ಬೇಡ

ಪದರ ಪದರವಾಗಿ ಗರಿಗರಿ ಮುರಿಯುವ ಪಾಲಕ್ ಪಿಟದ ಆಸೆ ನನಗೆ ಅರ್ಥವಾಗುತ್ತದೆ. ಪಿಟ ಅಂದರೆ ಇಲ್ಲಿ ಹಿಟ್ಟಿನ ಹಾಳೆಗಳ ನಡುವೆ ಹೂರಣ ತುಂಬಿದ ತಿನಿಸು. ಆದರೆ ಮೇಲೆ ಹೇಳಿದ ಎಲ್ಲ ಲೆಕ್ಕದಲ್ಲೂ ಇದೇ ದುಬಾರಿ. ಓವನ್ ಬೇಕು, 250 ಗ್ರಾಂ ಫೆಟಾ ಬೇಕು, ಫಿಲೊ ಅನ್ನುವ ಕಾಗದದಷ್ಟು ತೆಳ್ಳಗಿನ ಹಿಟ್ಟಿನ ಹಾಳೆ ಬೇಕು, ಅದನ್ನು ಹರಿಯದಂತೆ ಹಾಸುವ ಕೈ ಬೇಕು. ಯುರೋಪಿನ ಕಾನೂನಿನ ಪ್ರಕಾರ 2002ರಿಂದ ಫೆಟಾ ಅನ್ನುವ ಹೆಸರು ಗ್ರೀಸಿನದಕ್ಕೆ ಮಾತ್ರ. ಅದು ಕುರಿಹಾಲಿನದು, ಆಡಿನ ಹಾಲು ಶೇ. 30 ದಾಟುವಂತಿಲ್ಲ. ನಮ್ಮಲ್ಲಿ ಹಸುವಿನ ಹಾಲಿನದೂ ಆ ಹೆಸರಲ್ಲೇ ಸಿಗುತ್ತದೆ. ಪಿಟಕ್ಕೆ ಅದು ನಡೆಯುತ್ತದೆ, ಬರಿದೇ ತಿನ್ನಲು ಸಪ್ಪೆ. ಅದೂ ಬೇಡವೆಂದರೆ ಗಟ್ಟಿ ಪನೀರನ್ನು ಲೀಟರಿಗೆ 70 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಪುಡಿಮಾಡಿ, ನೀರು ಬಸಿದ ಹುಳಿ ಮೊಸರು ಸ್ವಲ್ಪ ಕಲಸಿ. ಫೆಟಾ ಅಲ್ಲ, ಆದರೂ ಉಪ್ಪು ಹುಳಿ ಎರಡೂ ಸಿಗುತ್ತವೆ.

ಅಂಗಡಿಯ ಫಿಲೊ ಹೆಪ್ಪುಗಟ್ಟಿರುತ್ತದೆ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ, ಬಿಚ್ಚಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ; ಐದು ನಿಮಿಷ ಗಾಳಿಗೆ ಬಿಟ್ಟರೂ ಒಡೆಯುತ್ತದೆ. ಚಿರೋಟಿಗೆ ಹಾಳೆ ಲಟ್ಟಿಸಿ ಗೊತ್ತಿರುವವರು ಮೈದಾ, ನೀರು, ಎಣ್ಣೆ, ಒಂದು ಚಮಚ ವಿನಿಗರ್ ಕಲಸಿ ಒಂದು ಗಂಟೆ ನೆನೆಯಲು ಬಿಟ್ಟು ಮನೆಯಲ್ಲೇ ಲಟ್ಟಿಸಬಹುದು. ವಾಯವ್ಯದ ಎಪೈರಸ್ ಸೀಮೆಯ ಹೆಂಗಸರು ಉದ್ದನೆಯ ತೆಳು ಲಟ್ಟಣಿಗೆಯಲ್ಲಿ ಹೀಗೇ ಮಾಡುತ್ತಾರೆ. ಸ್ವಲ್ಪ ದಪ್ಪವಾದರೂ ಆ ಹಳ್ಳಿಯ ಪಿಟಗಳ ಸ್ವಭಾವಕ್ಕೆ ಸರಿಹೋಗುತ್ತದೆ. ಪಾಲಕ್‌ಗೆ ಉಪ್ಪು ಹಚ್ಚಿ ಚೆನ್ನಾಗಿ ಹಿಂಡಿ. ನೀರುಳಿದರೆ ತಳ ಮೆತ್ತಗಾಗಿ ಎಲ್ಲ ಶ್ರಮ ವ್ಯರ್ಥ. ಸಬ್ಬಸಿಗೆ ಸೊಪ್ಪಂತೂ ಗ್ರೀಕ್ ಪಿಟದ ಜೀವ, ಅದು ನಮ್ಮ ಪೇಟೆಯಲ್ಲಿ ಕಟ್ಟುಕಟ್ಟಾಗಿ ಸಿಗುವುದು ದೊಡ್ಡ ಅನುಕೂಲ. ಈರುಳ್ಳಿ ಬಿಟ್ಟವರೂ ಸಬ್ಬಸಿಗೆಯ ಬಲದ ಮೇಲೆ ಈ ಪಿಟ ಮಾಡಬಹುದು. ಹಾಲು ಬಿಟ್ಟವರಿಗೆ ಉಪವಾಸದ ಆವೃತ್ತಿ ಇದೆ: ಚೀಸಿಲ್ಲ, ಸೊಪ್ಪು, ಈರುಳ್ಳಿ ಹೆಚ್ಚು, ಒಂದು ಹಿಡಿ ಅಕ್ಕಿ.

ಓವನ್ ಇಲ್ಲದೆಯೂ ಪಿಟದ ಆಸೆ ತೀರಬೇಕೆಂದರೆ ಕ್ರೀಟ್ ದ್ವೀಪದ ಕಡೆ ನೋಡಿ. ಅಲ್ಲಿ ಸೊಪ್ಪು ತುಂಬಿದ ಪುಟ್ಟ ಪಿಟಗಳನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ಕಾಡು ಸೋಂಪಿನ ಸೊಪ್ಪು ತುಂಬಿ ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೂ ಬೇಯಿಸುತ್ತಾರೆ. ಹೋಳಿಗೆ ತಟ್ಟುವ ಕೈಗೆ ಇದು ಅರ್ಧ ಗಂಟೆಯ ಕೆಲಸ.

ಬದನೆ, ಮಾಂಸ ಪದರ ಪದರವಾಗಿ ಹಾಕಿ ಓವನ್‌ನಲ್ಲಿ ಬೇಯಿಸುವ ಮುಸಾಕದ ಸಸ್ಯಾಹಾರಿ ರೂಪ ಕೇಳುತ್ತಾರೆ. ಮಾಂಸ ತೆಗೆದು ಬೇಳೆ ತುಂಬಿದರೆ ಅದೊಂದು ಬೇರೆ ಅಡುಗೆ. ಇಷ್ಟೊಂದು ಹುಟ್ಟು ಸಸ್ಯಾಹಾರ ಇರುವಾಗ ನಾನು ಆ ದಾರಿ ಹಿಡಿಯುವುದಿಲ್ಲ. ಜಾಜಿಕಿ ಅನ್ನುವ ಸೌತೆಕಾಯಿ ಮೊಸರುಬಜ್ಜಿ, ಫೆಟಾ ಸಲಾಡು ಪಕ್ಕಕ್ಕೆ ಚೆನ್ನ, ಊಟವಾಗುವುದಿಲ್ಲ. ಪಕ್ಕಕ್ಕೆ ಏನಾದರೂ ಬೇಕಿದ್ದರೆ ಹೊರ್ತಾ ಮಾಡಿ: ಬೇಯಿಸಿದ ಸೊಪ್ಪು, ನಿಂಬೆ, ಎಣ್ಣೆ. ಬೇಸಿಗೆಯಲ್ಲಿ ಅವರು ತಿನ್ನುವ ವ್ಲಿತಾ ನಮ್ಮ ಹರಿವೆಯ ಬಳಗದ್ದೇ. ಈರುಳ್ಳಿ ಬೆಳ್ಳುಳ್ಳಿ ಯಾವುದೂ ಬೇಕಿಲ್ಲ, ಹತ್ತು ನಿಮಿಷ ಸಾಕು.

ಇನ್ನು ನಿಮ್ಮದೇ ಲೆಕ್ಕ. ಸಂಜೆ ಕೆಲಸದಿಂದ ಬಂದು ಮಾಡುವವರಾದರೆ ಫಾಕೆಸ್, ಹೊರ್ತಾ. ಒಂದು ಗಂಟೆ ಒಲೆ ಬಿಟ್ಟುಕೊಡಬಲ್ಲವರಾದರೆ ಫಸೊಲಾಕಿಯ. ನೆಂಟರು ಬರುವ ಭಾನುವಾರಕ್ಕೆ ಯೆಮಿಸ್ತಾ, ಅದರಲ್ಲಿ ಕೈ ಪಳಗಿದ ಮೇಲೆ ಪಿಟ. ಫೆಟಾ ಡಬ್ಬಿ ಆಗಲೇ ತಂದಿದ್ದರೆ ಗಾಬರಿ ಬೇಡ, ಫಸೊಲಾಕಿಯದ ಪಕ್ಕ ಒಂದು ತುಂಡು ಇಟ್ಟುಕೊಳ್ಳಿ. ಉಪವಾಸವಿಲ್ಲದ ದಿನ ಯಾಯಾ ಮನೆಯಲ್ಲೂ ಹಾಗೇ.

ಏನೇ ಆರಿಸಿದರೂ ಬಿಸಿಬಿಸಿ ಬಡಿಸಬೇಡಿ. ಲಾದೆರಾ, ಯೆಮಿಸ್ತಾ ಎರಡೂ ಉಗುರು ಬೆಚ್ಚಗಾದ ಮೇಲೇ ರುಚಿ ಕೂಡುವುದು. ಬೆಳಿಗ್ಗೆ ಮಾಡಿ ಮುಚ್ಚಿಟ್ಟು ಮಧ್ಯಾಹ್ನಕ್ಕೆ ಬಡಿಸಿ. ಉಳಿದ ಫಸೊಲಾಕಿಯವನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಇನ್ನೂ ಚೆನ್ನ, ತಿನ್ನುವ ಒಂದು ಗಂಟೆ ಮುಂಚೆ ಹೊರಗೆ ತೆಗೆದಿಟ್ಟರಾಯಿತು. ಜೊತೆಗೆ ಗಟ್ಟಿ ಹೊರಪದರದ ಬ್ರೆಡ್ ಇರಲಿ, ಸಿಗದಿದ್ದರೆ ಜೋಳದ ರೊಟ್ಟಿ. ತಟ್ಟೆಯ ತಳದ ಆ ಕೆಂಪು ಎಣ್ಣೆಯನ್ನು ಒರೆಸಿ ತಿನ್ನುವುದಕ್ಕೆ ಏನಾದರೊಂದು ಬೇಕೇ ಬೇಕು.